ಅತ್ತೆಮನೆಯ ಕಪ್ಪು ವೈರು

ನನ್ನ ಅಂಗಡಿಗೆ ಬಂದು "ಫೋನ್ ಹೋಯ್ತು ಮಾರಾಯಾ" ಅಂತ ಅಳುವವರಲ್ಲಿ ಅರ್ಧಕ್ಕರ್ಧ ಜನರ ಫೋನಿಗೆ ಏನೂ ಆಗಿರೋದಿಲ್ಲ. ಹೋಗಿರೋದು ವೈರು. ಇದನ್ನು ನಾನು ಶಿರಸಿ ಪೇಟೆಯ ಒಂದು ಸಂದಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಹೇಳ್ತಾ ಬಂದಿದ್ದೇನೆ, ಯಾರೂ ನಂಬೋದಿಲ್ಲ. ಜನರಿಗೆ ಫೋನಿನ ಮೇಲೆ ಭಕ್ತಿ ಇದೆ, ಚಾರ್ಜರಿನ ಮೇಲೆ ಗೌರವ ಇದೆ, ವೈರಿನ ಮೇಲೆ ಮಾತ್ರ ಚೂರೂ ಮರ್ಯಾದೆ ಇಲ್ಲ. ಅದನ್ನು ಮಡಚ್ತಾರೆ, ತಿರುಚ್ತಾರೆ, ಚಾರ್ಜಿಗೆ ಹಾಕಿಕೊಂಡೇ ಮಲಗಿ ಅದರ ಕುತ್ತಿಗೆ ಮುರೀತಾರೆ. ಕಡೆಗೆ ಬಂದು, "ಮೊದಲು ಮುಕ್ಕಾಲು ಗಂಟೆಗೆ ತುಂಬ್ತಿತ್ತು, ಈಗ ಬೆಳಗಿಂದ ಹಾಕಿಟ್ರೂ ತುಂಬೂದಿಲ್ಲೆ, ಹೊಸ ಫೋನೇ ತಗಳ್ಳೂದಾ?" ಅಂತ ಕೇಳ್ತಾರೆ.

ನಾನು ಡ್ರಾವರಿನಿಂದ ಒಂದು ಒಳ್ಳೆ ವೈರು ತೆಗೆದು ಸಿಕ್ಕಿಸ್ತೇನೆ. ಪರದೆಯ ಮೇಲೆ ಮಿಂಚಿನ ಗುರುತು ಎರಡಾಗ್ತದೆ, ಅಂಕಿ ಓಡೋಕೆ ಶುರು ಮಾಡ್ತದೆ. ಆಗ ಅವರ ಮುಖ ನೋಡಬೇಕು. ಆ ಮುಖ ನೋಡೋ ಸುಖಕ್ಕೇ ನಾನು ಅಂಗಡಿ ಇಟ್ಟಿದ್ದು ಅಂದ್ರೂ ತಪ್ಪಿಲ್ಲ.

ಇಷ್ಟು ಜಂಭ ಯಾಕೆ ಕೊಚ್ಚಿದೆ ಅಂದ್ರೆ, ಇಂಥ ಘನಪಂಡಿತನ ಸ್ವಂತ ಫೋನು ಅತ್ತೆಮನೆಯಲ್ಲಿ ನಾಲ್ಕು ವರ್ಷ, ಒಂದೇ ಒಂದು ದಿನ ನೆಟ್ಟಗೆ ಚಾರ್ಜ್ ಆಗಲಿಲ್ಲ. ಇದನ್ನು ಹೇಳಿಕೊಳ್ಳೋಕೆ ಈಗಲೂ ನಾಚಿಕೆ ಆಗ್ತದೆ.

ಅತ್ತೆಮನೆ ಕೋಲಸಿರ್ಸಿಯಲ್ಲಿ, ರಸ್ತೆಗೆ ತಾಗಿಯೇ ಇದೆ. ಎದುರಿಗೆ ಬಸ್ಸು ನಿಲ್ಲುವ ಜಾಗ. ಅಲ್ಲೊಂದು ತಂಗುದಾಣ ಇದ್ದರೂ ಸಿದ್ದಾಪುರಕ್ಕೆ ಹೋಗುವವರು ಅದರಲ್ಲಿ ಕೂರೋದಿಲ್ಲ, ಅತ್ತೆಯ ಜಗಲಿಯಲ್ಲಿ ಕೂರ್ತಾರೆ. ಜಗಲಿಯಲ್ಲಿ ಉದ್ದಕ್ಕೆ ಒಂದು ಬೆಂಚು, ತಲೆಯ ಮೇಲೆ ಫ್ಯಾನು, ಗೋಡೆಯಲ್ಲಿ ಒಂದು ಪ್ಲಗ್ಗು. ಹಿಂದೆ ಬಂದವರಿಗೆ ನೀರು ಬೆಲ್ಲ ಕೊಟ್ಟು ಕವಳದ ತಟ್ಟೆ ಮುಂದಿಡ್ತಿದ್ದರು. ಈಗ ಎಲೆ ಅಡಿಕೆ ಹಾಕುವವರೇ ಕಡಿಮೆ. ಹಾಗಾಗಿ ನೀರು ಬೆಲ್ಲದ ಬೆನ್ನಿಗೇ ಅತ್ತೆ ಕೇಳೋದು, "ಫೋನ್ ಚಾರ್ಜಿಗೆ ಹಾಕ್ತ್ರಾ?" ಯಾರು ಬೇಡ ಅಂತಾರೆ, ಹೇಳಿ. ನಮ್ಮ ಕಡೆ ಕಾಡಿನ ದಾರಿಯಲ್ಲಿ ಟವರು ಹುಡುಕಿ ಹುಡುಕಿಯೇ ಫೋನಿನ ಜೀವ ಅರ್ಧ ಆಗಿರ್ತದೆ.

ಇನ್ನು ಅತ್ತೆಗೆ ಒಂದು ಹುಚ್ಚು. ಜಗಲಿ ಹತ್ತಿದವರು ಉಣ್ಣದೆ ಇಳೀಬಾರದು. ಅಡುಗೆ ಯಾವಾಗಲೂ ಇಬ್ಬರಿಗೆ ಹೆಚ್ಚೇ ಆಗಿರ್ತದೆ. ಆದರೆ ಜನರ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ: ಹನ್ನೊಂದೂವರೆ ಬಸ್ಸು. "ಬಸ್ಸು ಬತ್ತದೆ ಅಮಾ, ಇನ್ನೊಂದಿನ ಉಣ್ತೆ" ಅಂತ ಎದ್ದುಬಿಡ್ತಾರೆ. ಅದೊಂದು ತಪ್ಪಿದರೆ ಮುಂದಿನ ಬಸ್ಸು ಎರಡೂಕಾಲಿಗೆ. ಅಂದ್ರೆ ಹನ್ನೊಂದೂವರೆ ಬಸ್ಸು ತಪ್ಪಿಸಿಕೊಂಡವ ಅತ್ತೆಯ ಕೈಗೆ ಸಿಕ್ಕ ಹಾಗೆಯೇ. ಈ ಬಸ್ಸಿನ ಲೆಕ್ಕ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಅತ್ತೆಗೂ ನನಗೂ ಮಾತುಕತೆ ನೇರ ಇರಲಿಲ್ಲ. ಜಗಳ ಆಗಿ ಅಲ್ಲ, ಅವರ ಕಾಲದ ಹೆಂಗಸರು ಅಳಿಯನ ಮುಖ ನೋಡಿ ಮಾತಾಡೋದಿಲ್ಲ, ಅಷ್ಟೇ. ನಾನು ಎರಡು ಮಾರು ದೂರದಲ್ಲಿ ಬೆಂಚಿನ ಮೇಲೆ ಕೂತಿದ್ರೂ ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳ್ತಿದ್ದರು, "ಚಾ ಬೇಕನ ಕೇಳೇ." ನನ್ನ ಹೆಂಡತಿ ನನ್ನತ್ತ ತಿರುಗಿ, "ಚಾ ಬೇಕಾ?" ನಾನು ಹೆಂಡತಿಗೆ, "ಬೇಡ." ಹೆಂಡತಿ ಬಾಗಿಲಿನತ್ತ ತಿರುಗಿ, "ಬೇಡಂತೆ." ಅಷ್ಟರಲ್ಲಿ ಚಾ ಬಂದಿರ್ತಿತ್ತು. ಹೆಂಡತಿ ಇಲ್ಲದಾಗ ಬೆಕ್ಕಿನ ಹತ್ತಿರ ಹೇಳ್ತಿದ್ದರು.

ಇದರಲ್ಲಿ ನನಗೆ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಹಳೇ ಒಂದು ಮಾತಿನ ಬಗ್ಗೆ. ಸಂಬಂಧ ಕೇಳೋಕೆ ಹೋದಾಗ ಅತ್ತೆ ಒಳಗಡೆ ಅಂದಿದ್ದರಂತೆ, "ಸ್ಕ್ರೂಡ್ರೈವರ್ ಹಿಡ್ಕಂಡು ಕೂರವ, ಅವ ಎಂತ ಸಂಸಾರ ಮಾಡ್ತಾ?" ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ನಕ್ಕೊಂಡು ಹೇಳಿದಳು. ಅವಳಿಗೆ ಅದು ತಮಾಷೆ. ನನಗೆ ಮುಳ್ಳು. ಆವತ್ತೇ ತೀರ್ಮಾನ ಮಾಡಿದೆ, ಈ ಹೆಂಗಸಿನ ಬಾಯಲ್ಲಿ ಒಂದು ದಿನ "ಅಳಿಯ ಅಂದ್ರೆ ಇಂಥವ ಇರಬೇಕು" ಅಂತ ಹೇಳಿಸ್ತೇನೆ. ಅದೂ ಬೆಕ್ಕಿಗೆ ಅಲ್ಲ, ನನಗೇ.

ಅದಕ್ಕೆ ನಾನು ಮಾಡಿದ ಮೊದಲ ಕೆಲಸ, ಅಂಗಡಿಯ ಅತಿ ಒಳ್ಳೆ ಚಾರ್ಜರನ್ನು ಒಯ್ದು ಜಗಲಿಯ ಪ್ಲಗ್ಗಿಗೆ ಹಾಕಿಕೊಟ್ಟದ್ದು. ಎಲ್ಲ ಜಾತಿಯ ಫೋನಿನ ಭಾಷೆಯನ್ನೂ ಬಲ್ಲ, ಒಟ್ಟಿಗೆ ಎರಡು ವೈರು ಸಿಕ್ಕಿಸಬಹುದಾದ ಚಾರ್ಜರು ಅದು. ಜೊತೆಗೆ ದಪ್ಪನೆಯ ಬಿಳಿ ವೈರು, ಎಳೆಯ ಹಾವಿನಷ್ಟು ದಪ್ಪ. "ಇನ್ನು ನಿಮ್ಮ ಜಗಲಿಗೆ ಬಂದವರ ಫೋನು ಮುಕ್ಕಾಲು ಗಂಟೆಗೆ ಫುಲ್ಲು" ಅಂತ ಹೆಂಡತಿಯ ಮೂಲಕ ಘೋಷಣೆ ಮಾಡಿಸಿದೆ. ಬಾಗಿಲ ಹಿಂದಿನಿಂದ ಒಂದು "ಹೂಂ" ಬಂತು. ಅಷ್ಟೇ.

ಮುಂದಿನ ತಿಂಗಳು ಹೋದೆ. ಫೋನ್ ಕೊಟ್ಟೆ. ಚಾರ್ಜರು ನನ್ನದೇ, ಪ್ಲಗ್ಗಿನಲ್ಲಿ ಹಾಗೇ ಇದೆ. ಆದರೆ ಅತ್ತೆ ಗೋಡೆಯ ಮೊಳೆಯಿಂದ ತೆಗೆದದ್ದು ಬಿಳಿ ವೈರಲ್ಲ. ಒಂದು ಕಪ್ಪು ವೈರು. ತೆಳ್ಳಗೆ, ನೂಲಿನ ಹಾಗೆ. ಕುತ್ತಿಗೆ ಹತ್ತಿರ ಒಡೆದದ್ದಕ್ಕೆ ಅತ್ತೆ ಬಾಳೆ ನಾರು ಸುತ್ತಿ ಗಂಟು ಹಾಕಿದ್ದರು. ಅದು ಗದ್ದೆಗೆ ನೀರು ಬಿಡೋಕೆ ಹೋಗುವಾಗ ಮಾವ ತಲೆಗೆ ಕಟ್ಟಿಕೊಳ್ಳುವ ಟಾರ್ಚಿನ ಜೊತೆ ಪುಕ್ಕಟೆ ಬಂದದ್ದು. ನನ್ನ ಫೋನು ಅದನ್ನು ಸಿಕ್ಕಿಸಿಕೊಂಡು ಒಂದು ತಾಸಿಗೆ ಹತ್ತು ಪರ್ಸೆಂಟ್ ಏರಿತು. ಹನ್ನೊಂದೂವರೆ ಬಸ್ಸು ಹೋಯ್ತು. ಕೂತು ಉಂಡೆ. ಊಟ ಚೆನ್ನಾಗೇ ಇತ್ತು, ಆದರೆ ನನ್ನ ತಲೆಯೆಲ್ಲ ಬಿಳಿ ವೈರಿನ ಮೇಲೆ.

"ನಿಮ್ಮ ಚಾರ್ಜರ್ ನೀವೇ ಒಯ್ಯಬಾರದಾ?" ಅಂತ ನೀವು ಕೇಳಬಹುದು. ಎಂತ ಮಾತು ಆಡ್ತೀರಿ! ಅತ್ತೆಮನೆಗೆ ಅಳಿಯ ಚಾರ್ಜರ್ ಕಟ್ಟಿಕೊಂಡು ಹೋಗೋದಂದ್ರೆ ಅಕ್ಕಿ ಕಟ್ಟಿಕೊಂಡು ಹೋದ ಹಾಗೆ. ಮರ್ಯಾದೆ ಅಂತ ಒಂದಿಲ್ಲವಾ?

ಅದರ ಮುಂದಿನ ಸಲವೂ ಕಪ್ಪು ವೈರು. ಅದರ ಮುಂದಿನ ಸಲವೂ. ಒಂದು ಭಾನುವಾರ ನಾನು ಜಗಲಿ ಹತ್ತುವಾಗ ವಿಮೆ ಮಾಡಿಸಿ, ವಿಮೆ ಮಾಡಿಸಿ ಅಂತ ಊರೆಲ್ಲ ಪೀಡಿಸುವ ಒಬ್ಬ ಮಹಾಶಯ ನನ್ನ ಜಾಗದಲ್ಲಿ ಕೂತಿದ್ದ. ಅವನ ಫೋನಿಗೆ ಬಿಳಿ ವೈರು! ನಾನು ಕೊಟ್ಟದ್ದು! ಫೋನು ಸರಸರ ತುಂಬ್ತಾ ಇದೆ. ಅವನು ಹನ್ನೊಂದೂವರೆ ಬಸ್ಸಿಗೆ ಎದ್ದು ಹೋದ. ಅತ್ತೆ ಬಿಳಿ ವೈರನ್ನು ಚಂದ ಮಾಡಿ ಸುತ್ತಿ ಒಳಗೆ ಒಯ್ದು, ಬಂದು ಮೊಳೆಯಿಂದ ಕಪ್ಪು ವೈರು ತೆಗೆದು ನನಗೆ ಇಟ್ಟರು. ಮೈಯೆಲ್ಲ ಉರಿದು ಹೋಯ್ತು. ದಾರಿಯಲ್ಲಿ ಹೋಗುವವನಿಗೆ ಬಿಳಿ, ಮಗಳ ಗಂಡನಿಗೆ ಕಪ್ಪು! ಸ್ಕ್ರೂಡ್ರೈವರಿನವ ಅಂತ ತಾನೇ? ಇರಲಿ ಇರಲಿ, ಅಂತ ಹಲ್ಲು ಕಡಿದು ಕೂತೆ.

ಹೆಂಡತಿಗೆ ಹೇಳಿದರೆ ಅವಳು, "ಉಂಡ್ರಿ ಅಲ್ದಾ? ಮತ್ತೆಂತ ಬೇಕು ನಿಮಗೆ?" ಅಂದಳು. ಅಲ್ಲೇ ನನಗೆ ತಿಳೀಬೇಕಿತ್ತು. ಸಿಟ್ಟು ಬಂದವನಿಗೆ ಎಲ್ಲಿ ತಿಳೀತದೆ.

ಈಗ ಸ್ವಲ್ಪ ನನ್ನ ವಿದ್ಯೆ ಕೇಳಿ. ಚಾರ್ಜರು ಒಂದೇ, ಫೋನು ಒಂದೇ, ವೈರು ಬದಲಾದರೆ ಅಷ್ಟು ವ್ಯತ್ಯಾಸ ಹೇಗೆ? ಒಂದು ಕಾರಣ ಎಲ್ಲರಿಗೂ ಗೊತ್ತಾಗುವಂಥದ್ದು. ಕೆರೆ ತುಂಬಿದ್ದರೂ ಕಾಲುವೆ ಕಿರುಬೆರಳಷ್ಟಿದ್ದರೆ ಗದ್ದೆಗೆ ನೀರು ಬರೋದು ಅಷ್ಟೇ. ತೆಳ್ಳನೆ ವೈರಿನ ಕತೆ ಅದು. ಇನ್ನೊಂದು ಕಾರಣ ಯಾರಿಗೂ ಗೊತ್ತಿಲ್ಲ. ವೇಗದ ಚಾರ್ಜ್ ಆಗಬೇಕಾದರೆ ಮೊದಲು ಫೋನಿಗೂ ಚಾರ್ಜರಿಗೂ ಒಂದು ಮಾತುಕತೆ ಆಗ್ತದೆ. ಫೋನು "ನಾನು ಇಷ್ಟು ತಡಕೊಳ್ತೇನೆ" ಅಂತದೆ, ಚಾರ್ಜರು "ನಾನು ಇಷ್ಟು ಕೊಡಬಲ್ಲೆ" ಅಂತದೆ, ಒಪ್ಪಂದ ಆದಮೇಲೆ ಕರೆಂಟು ಜೋರಾಗಿ ಬಿಡ್ತಾರೆ. ಆ ಮಾತು ಹೋಗೋಕೆ ವೈರಿನೊಳಗೆ ಬೇರೆಯೇ ಎರಡು ಸಣ್ಣ ತಂತಿ ಬೇಕು, ಹಸಿರು ಒಂದು, ಬಿಳಿ ಒಂದು. ಟಾರ್ಚಿನ ಜೊತೆ ಬರುವ ವೈರಿನಲ್ಲಿ ಅವು ಇರೋದೇ ಇಲ್ಲ. ಕರೆಂಟಿನ ಎರಡು ತಂತಿ ಮಾತ್ರ. ಮಾತೇ ಆಗದಿದ್ದಾಗ ಫೋನು ಹೆದರಿಕೊಂಡು ಚೂರು ಚೂರೇ ತಗೊಳ್ತದೆ.

ಇಷ್ಟು ಚೆಂದ ವಿವರಿಸಬಲ್ಲ ನನಗೆ, ನಮ್ಮ ಜಗಲಿಯಲ್ಲೂ ಅಂಥದೇ ಮಾತಿನ ತಂತಿ ಇಲ್ಲ ಅನ್ನೋದು ಹೊಳೀಲಿಲ್ಲ ನೋಡಿ.

ಆ ವೈರನ್ನು ನಿರ್ವಂಶ ಮಾಡಬೇಕು ಅಂತ ಹೊರಟೆ. ನೇರ ಎತ್ತಿ ಬಿಸಾಡಿದರೆ ಅತ್ತೆ ಹುಡುಕ್ತಾರೆ. ಅದಕ್ಕೆ ಉಪಾಯ ಮಾಡಿದೆ. ಅದೇ ಉದ್ದದ್ದು, ಅದೇ ಕಪ್ಪಿನದ್ದು, ಆದರೆ ಒಳಗೆ ನಾಲ್ಕು ತಂತಿಯೂ ಇರುವ ಒಳ್ಳೆ ವೈರನ್ನು ಆರಿಸಿದೆ. ಮೈಗೆ ಸ್ವಲ್ಪ ಬೂದಿ ತಿಕ್ಕಿ ಹಳತು ಮಾಡಿದೆ. ಕುತ್ತಿಗೆಗೆ ಬಾಳೆ ನಾರು ಸುತ್ತಿ ಗಂಟು ಹಾಕಿದೆ. ಮುಂದಿನ ಭಾನುವಾರ ಅತ್ತೆ ಒಳಗಿದ್ದಾಗ ಮೊಳೆಯ ಮೇಲಿದ್ದ ಹಳೇ ವೈರು ಕಿಸೆಗೆ, ಹೊಸದು ಮೊಳೆಗೆ. ಕಳ್ಳತನದಲ್ಲಿ ಇಷ್ಟು ಕೈಚಳಕ ಇದೆ ಅಂತ ನನಗೇ ಗೊತ್ತಿರಲಿಲ್ಲ. ಹಳೇ ವೈರನ್ನು ಅಂಗಡಿಗೆ ತಂದು ಉದ್ದಕ್ಕೂ ಸೀಳಿ, ತುಂಡು ತುಂಡು ಮಾಡಿ, ಗಾಜಿನ ಕೆಳಗೆ ಪ್ರದರ್ಶನಕ್ಕೆ ಇಟ್ಟೆ. ಬಂದವರಿಗೆಲ್ಲ ತೋರಿಸಿದೆ, "ನೋಡಿ, ಇಂಥ ವೈರು ಬಳಸಿದರೆ ಹೀಗೇ ಆಗೋದು." ಪುಣ್ಯ, ಅದು ಯಾರ ಮನೆಯದ್ದು ಅಂತ ಹೇಳಿರಲಿಲ್ಲ.

ಅದಾದ ಮೇಲೆ ಬಂದದ್ದು ಅತ್ತೆಯ ಅಣ್ಣ.

ಅತ್ತೆಗೆ ಇರೋದು ಒಬ್ಬನೇ ಅಣ್ಣ. ಯಲ್ಲಾಪುರದಲ್ಲಿ ಲಾರಿ ರಿಪೇರಿಯ ಗ್ಯಾರೇಜು. ಸದಾ ಗಡಿಬಿಡಿಯ ಮನುಷ್ಯ. ಕಿವಿಯಲ್ಲಿ ಫೋನಿಲ್ಲದೆ ಅವರನ್ನು ಕಂಡವರಿಲ್ಲ, ಫೋನು ಸತ್ತರೆ ಅವರೂ ಸತ್ತ ಹಾಗೇ ಕೂರ್ತಾರೆ. ತಂಗಿಯ ಮನೆಗೆ ಬರೋದು ವರ್ಷಕ್ಕೆ ಒಂದೇ ಸಲ. ಆ ದಿನಕ್ಕಾಗಿ ಅತ್ತೆ ಒಂದು ಹುಂಜ ಸಾಕಿ ಇಟ್ಟಿರ್ತಾರೆ. ಕೋಳಿ ಕಜ್ಜಾಯ, ಅಂದ್ರೆ ಕೋಳಿ ಸಾರಿನ ಜೊತೆ ಅಕ್ಕಿ ಹಿಟ್ಟಿನ ಕರಿದ ಕಜ್ಜಾಯ, ಅಣ್ಣನಿಗೆ ಪ್ರಾಣ. ಹಿಂದಿನ ದಿನವೇ ಅಕ್ಕಿ ನೆನೆಹಾಕಿ, ಬೆಳಗ್ಗೆ ಎದ್ದು ರುಬ್ಬಿ, ಹಿಟ್ಟು ಹದ ಬರೋಕೆ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಬಿಸಿ ಬಿಸಿ ಕರಿದು ಹಾಕಬೇಕು. ಆವತ್ತು ನಾನೂ ಹೆಂಡತಿಯೂ ಅಲ್ಲೇ ಇದ್ದೆವು.

ಅಣ್ಣ ಹತ್ತೂವರೆಗೆ ಬಂದರು. ಬಂದವರೇ ಸತ್ತ ಫೋನನ್ನು ತಂಗಿಯ ಕೈಗೆ ಕೊಟ್ಟರು. ಅತ್ತೆ ಮೊಳೆಯಿಂದ ಕಪ್ಪು ವೈರು ತೆಗೆದು ಹಾಕಿದರು, ನಿಶ್ಚಿಂತೆಯಿಂದ ಅಡುಗೆಮನೆಗೆ ಹೋದರು. ನಾನು ಒಳಗೊಳಗೇ ಕುಣಿದೆ. ನೋಡ್ತಾ ಇರಿ ಈಗ, ನನ್ನ ವೈರಿನ ಪ್ರತಾಪ.

ಹನ್ನೊಂದು ಗಂಟೆಗೆ ಅಣ್ಣ ಫೋನ್ ನೋಡಿದರು. "ಓಹೋಹೋ! ಅರವತ್ತಾಯ್ತಲೋ!" ಅಂದರು. ಆನ್ ಮಾಡಿದ್ದೇ ತಡ, ಗ್ಯಾರೇಜಿನಿಂದ ಕರೆ ಮೇಲೆ ಕರೆ. ಯಾವುದೋ ಲಾರಿ ಎಲ್ಲೋ ಕೆಟ್ಟು ನಿಂತಿದೆಯಂತೆ. ಅಣ್ಣ ಹನ್ನೊಂದೂಕಾಲಿಗೆ ಎದ್ದು ಚಪ್ಪಲಿ ಮೆಟ್ಟಿದರು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಅಣ್ಣಾ, ಎಣ್ಣೆ ಕಾಯ್ತಾ ಅದೆ, ಎರಡೇ ಎರಡು ತಿಂದ್ಕಂಡು ಹೋಗು." "ಬಸ್ಸು ಬಂತು ತಂಗೀ, ಬರೂ ವರ್ಷ ಬತ್ತೆ." ಬಸ್ಸು ಆವತ್ತೇ ಸಮಯಕ್ಕೆ ಸರಿಯಾಗಿ ಬರಬೇಕಾ? ಬಂತು. ಹೋಯ್ತು.

ಅತ್ತೆ ರಸ್ತೆಯ ಬದಿಯಲ್ಲಿ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಿದ್ದರು. ಆಮೇಲೆ ಒಳಗೆ ಬಂದು ಒಲೆ ಆರಿಸಿದರು. ಅಷ್ಟು ಹಿಟ್ಟು, ಅಷ್ಟು ಸಾರು, ಎಲ್ಲ ಹಾಗೇ ಉಳೀತು.

"ಅಪ್ಪಾ, ಈ ವೈರಿಗೆ ಇವತ್ತೆಂತ ದೆವ್ವ ಹೊಡೀತು," ಅಂತ ಅತ್ತೆ ಒಳಗೆ ಹೇಳೋದು ಕೇಳಿತು. ನಾನು ಹೆಂಡತಿಯನ್ನು ಹಿತ್ತಲಿಗೆ ಕರೆದು ಕೇಳಿದೆ, "ಎಂತ ಅದು ವೈರಿನ ವಿಷಯ?"

ಅವಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. "ನಿಮಗೆ ಗೊತ್ತಿಲ್ಲೆನಾ? ಊರಿಗೆಲ್ಲ ಗೊತ್ತದೆ! ಅಮ್ಮಂಗೆ ಬೇಕಾದವ್ರಿಗೆ ಕಪ್ಪು ವೈರು. ಅದು ಬೇಗ ತುಂಬ್ತಿಲ್ಲೆ, ಬಸ್ಸು ತಪ್ತದೆ, ಉಂಡ್ಕಂಡು ಹೋಗ್ತ್ರು. ಒಂದ್ಸಲ ಹಾಗೇ ಯಾರೋ ಕೂತ್ಕಂಡು ಉಂಡ್ರು, ಅವತ್ತಿಂದ ಅಮ್ಮ ಅದನ್ನ ದೇವ್ರ ಹಾಂಗೆ ಇಟ್ಕಂಡಿದ್ದು. ಬೇಗ ತೊಲಗಲಿ ಅನ್ನವ್ರಿಗೆ ಬಿಳೀದು."

ನಾಲ್ಕು ವರ್ಷ! ನಾಲ್ಕು ವರ್ಷ ಆ ಹೆಂಗಸು ಮೊಳೆಯಿಂದ ತೆಗೆತೆಗೆದು "ಕೂರಿ, ಉಣ್ಣಿ, ಹೋಗಬೇಡಿ" ಅಂತ ನನ್ನ ಮುಂದೆ ಇಟ್ಟಿದ್ದಾರೆ. ನಾನು ಅದನ್ನೇ ಸೀಳಿ ಗಾಜಿನ ಕೆಳಗೆ ಮೆರೆಸಿದ್ದೇನೆ. ಬೇರೆಯವರ ವೈರಿನಲ್ಲಿ ದೋಷ ಹುಡುಕುವ ಪಂಡಿತ, ಥೂ ನನ್ನ ಜನ್ಮಕ್ಕಿಷ್ಟು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಧೈರ್ಯ ಸಾಲಲಿಲ್ಲ. ಸುಮ್ಮನೆ ಎರಡೂಕಾಲು ಬಸ್ಸು ಹತ್ತಿ ಬಂದೆ.

ಎರಡು ವಾರ ಬಿಟ್ಟು ಹೋದಾಗ ಏನೂ ಗೊತ್ತಿಲ್ಲದವನ ಹಾಗೆ ಫೋನ್ ಕೊಟ್ಟೆ. ಅತ್ತೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಬಿಳಿ ವೈರು.

ನಾನೇ ತಂದುಕೊಟ್ಟ ವೈರು ಅದು. ಅದರ ಮೇಲೆ ಆಸೆಪಟ್ಟು ನಾಲ್ಕು ವರ್ಷ ಹೊಟ್ಟೆ ಉರಿಸಿಕೊಂಡಿದ್ದೆ. ಅದು ನನ್ನ ಫೋನಿಗೆ ಸಿಕ್ಕಿಕೊಂಡಾಗ ನಾನು ಹೆಂಡತಿಯ ಮುಖ ನೋಡಿದೆ. ಹೆಂಡತಿ ಕಣ್ಣಲ್ಲೇ ಮೊಳೆ ತೋರಿಸಿದಳು. ಅಲ್ಲಿ ನನ್ನ ನಕಲಿ ಕಪ್ಪು ವೈರು ನೇತಾಡ್ತಾ ಇತ್ತು, ನಾರು ಬಿಚ್ಚಿಕೊಂಡು. ಬಾಗಿಲ ಹಿಂದಿನಿಂದ ಮಾತು ಬಂತು, ಬೆಕ್ಕಿಗೆ: "ಈ ಗಂಟು ನಂದಲ್ಲ. ನಾ ಹೂ ಕಟ್ಟೂ ಗಂಟು ಹಾಕೂದು. ಇದು ಸ್ಕ್ರೂ ತಿರುಗ್ಸವ್ರ ಗಂಟು."

ಮದುವೆ ಮನೆಗೆ ಅಬ್ಬಲಿಗೆ ಮಾಲೆ ಕಟ್ಟಿಕೊಡುವ ಕೈ ಅದು. ಬಾಳೆ ನಾರಿನ ಗಂಟು ಯಾರದ್ದು ಅಂತ ಕತ್ತಲಲ್ಲಿ ಮುಟ್ಟಿದರೂ ಹೇಳ್ತಾರೆ. ನಾನು ಬೂದಿ ತಿಕ್ಕೋದು ಕಲಿತಿದ್ದೆ, ಗಂಟು ಹಾಕೋದು ಕಲಿತಿರಲಿಲ್ಲ.

ಮುಕ್ಕಾಲು ಗಂಟೆಗೆ ಫೋನು ತುಂಬಿತು. ವೇಗದ ಚಾರ್ಜನ್ನು ನಾನು ಜೀವನದಲ್ಲಿ ಯಾವತ್ತೂ ಇಷ್ಟು ಶಪಿಸಿರಲಿಲ್ಲ. ಎಂಬತ್ತು ದಾಟಿದಮೇಲೆ ಯಾವ ಫೋನೂ ತಾನಾಗೇ ನಿಧಾನ ಆಗ್ತದೆ, ಬ್ಯಾಟರಿ ಬಿಸಿಯಾಗಬಾರದು ಅಂತ. ಆ ನಿಧಾನಕ್ಕೆ ಕೈಮುಗಿದು ಕೂತಿದ್ದೆ, ಅದೂ ಸಾಕಾಗಲಿಲ್ಲ. ಬಸ್ಸಿನ ಹಾರ್ನು ಕೇಳಿತು. "ಬಸ್ಸು ಬಂತು ಅಂತ ಹೇಳೇ," ಅಂತ ಅತ್ತೆ ಮಗಳಿಗೆ ಹೇಳಿದರು. ಹೆಂಡತಿ ನನ್ನತ್ತ ತಿರುಗುವ ಮೊದಲೇ ನಾನೇ ಎದ್ದೆ. ಅವಳು ಎರಡು ದಿನ ತವರಲ್ಲಿ ಇರುವವಳು, ನಾನೊಬ್ಬನೇ ಹತ್ತಿದೆ. ಶಿರಸಿ ತನಕ ಕಿಸೆಯಲ್ಲಿ ನೂರು ಪರ್ಸೆಂಟ್, ಹೊಟ್ಟೆಯಲ್ಲಿ ಒಂದು ಅಗುಳಿಲ್ಲ.

ಮಾಡಿದ್ದುಣ್ಣೋ ಮಾರಾಯ ಅಂತ ಸುಮ್ಮನಿರಬಹುದಿತ್ತು. ಆದರೆ ನನಗೆ ಅತ್ತೆಯ ಹಿಟ್ಟಿನ ಕೈ ಕಣ್ಣ ಮುಂದಿಂದ ಹೋಗ್ತಾನೇ ಇರಲಿಲ್ಲ. ಅಂಗಡಿಯಲ್ಲಿ ಕೂತು ಒಂದು ಹೊಸ ಕಪ್ಪು ವೈರು ತೆಗೆದೆ. ಅದರ ಹೊಟ್ಟೆ ಕೊಯ್ದು ಹಸಿರು ತಂತಿ ಕತ್ತರಿಸಿದೆ, ಬಿಳಿ ತಂತಿ ಕತ್ತರಿಸಿದೆ. ಮತ್ತೆ ಮುಚ್ಚಿದೆ. ಹನ್ನೊಂದು ವರ್ಷದ ಅನುಭವದಲ್ಲಿ ಆರೋಗ್ಯವಂತನನ್ನು ರೋಗಿ ಮಾಡುವ ಆಪರೇಷನ್ ಅದೇ ಮೊದಲು. ಮೀಟರ್ ಹಾಕಿ ನೋಡಿದೆ. ಅಂಕಿ ಮೇಲೇಳಲೇ ಇಲ್ಲ. ಪಕ್ಕದಲ್ಲಿದ್ದ ಗಿರಾಕಿ ಕೇಳಿದ, "ಎಂತ, ಹಾಳಾಯ್ದಾ?" "ಈಗ ಸರಿ ಆಯ್ತು" ಅಂದೆ. ಅವನು ಬೇರೆ ಅಂಗಡಿಗೆ ಹೋದ.

ವೈರಾಯ್ತು, ಇನ್ನು ಅಣ್ಣ. ಮುಂದಿನ ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೇ ಯಲ್ಲಾಪುರಕ್ಕೆ ಹೋದೆ. ಅವರು ಗ್ಯಾರೇಜಿನಲ್ಲಿ ಲಾರಿಯ ಅಡಿಯಲ್ಲಿದ್ದರು. ಬಗ್ಗಿ ಕೂತು ಎಲ್ಲ ಹೇಳಿದೆ, ಕಪ್ಪು, ಬಿಳಿ, ನನ್ನ ಕಳ್ಳತನ, ಆರಿಸಿದ ಒಲೆ. ಲಾರಿಯ ಅಡಿಯಿಂದ ಮೊದಲು ನಗು ಬಂತು, ಆಮೇಲೆ ಕೆಮ್ಮು. ಅಣ್ಣ ಹೊರಗೆ ಬಂದು ಕೈ ಒರೆಸಿಕೊಂಡರು.

"ಹಂಗಾರೆ ಪ್ರತಿ ವರ್ಷ ನಾ ಉಂಡಿದ್ದು ಆ ವೈರಿಂದನಾ?" ಅಂದರು. "ಕೂತ್ಕ ಅಂತ ಬಾಯಲ್ಲೇ ಹೇಳಿದ್ರೆ ಆಗ್ತಿರ್ಲಿಲ್ವನ ಅವ್ಳಿಗೆ?"

"ಬಾಯಲ್ಲಿ ಹೇಳಿದ್ದರು ಅಲ್ವಾ, ಎಣ್ಣೆ ಕಾಯ್ತಾ ಅದೆ ಅಂತ," ಅಂದೆ. ಅಣ್ಣ ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದರು.

ಬಸ್ಸಿನಲ್ಲಿ ಕೂತಮೇಲೆ ಅವರಿಗೆ ಒಂದು ತೊಂದರೆ ಹೊಳೀತು. "ಅಯ್ಯೋ, ನನ್ನ ಫೋನಲ್ಲಿ ತೊಂಬತ್ತು ಇದ್ಯಲಾ! ಇಷ್ಟು ಚಾರ್ಜ್ ಇಟ್ಕಂಡು ಎಂತ ಅಂತ ಕೊಡೂದು?" ಆಮೇಲೆ ಇಬ್ಬರೂ ಸೇರಿ ಫೋನನ್ನು ಕೊಲ್ಲೋಕೆ ಕೂತೆವು. ಪರದೆಯ ಬೆಳಕು ಪೂರ್ತಿ ಏರಿಸಿದೆ, ವೀಡಿಯೋ ಹಾಕಿದೆ, ಹಾಟ್‌ಸ್ಪಾಟ್ ಹಾಕಿದೆ. ಅಷ್ಟಕ್ಕೂ ಇಳೀಲಿಲ್ಲ ಅಂತ ಅಣ್ಣ ಟಾರ್ಚನ್ನೂ ಹೊತ್ತಿಸಿ ಹಿಡಿದು ಕೂತರು. ಹಾಡುಹಗಲು, ಬಸ್ಸಿನಲ್ಲಿ, ಎಂಜಿನ್ನಿಗೇ ಕೈಹಾಕುವ ದೊಡ್ಡ ಮನುಷ್ಯ ಟಾರ್ಚ್ ಹಿಡಿದು ಕೂತದ್ದನ್ನು ನೋಡಿ ಕಂಡಕ್ಟರು, "ಎಂತ ಕಳ್ಕಂಡ್ರಿ ಸ್ವಾಮೀ?" ಅಂತ ಕೇಳಿದ. "ಊಟ" ಅಂದರು ಅಣ್ಣ.

ಶಿರಸಿಯಲ್ಲಿ ಬಸ್ಸು ಬದಲಿಸಿ, ಸಿದ್ದಾಪುರದಲ್ಲಿ ಇನ್ನೊಮ್ಮೆ ಬದಲಿಸಿ ಕೋಲಸಿರ್ಸಿಯಲ್ಲಿ ಇಳಿಯುವಾಗ ಹನ್ನೊಂದಾಗ್ತಾ ಬಂದಿತ್ತು. ಫೋನು ಆರು ಪರ್ಸೆಂಟಿಗೆ ಇಳಿದಿತ್ತು. ಮುಂಚಿನ ದಿನವೇ ತವರಿಗೆ ಬಂದಿದ್ದ ನನ್ನ ಹೆಂಡತಿ ಬಾಗಿಲಲ್ಲಿ ನಮ್ಮನ್ನು ಕಂಡು ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅತ್ತೆ ಹೊರಗೆ ಬಂದರು. ಅಣ್ಣ ವರ್ಷದಲ್ಲಿ ಎರಡನೇ ಸಲ ಜಗಲಿಯಲ್ಲಿ ನಿಂತಿದ್ದಾರೆ ಅನ್ನೋದನ್ನು ನಂಬೋಕೆ ಅವರಿಗೆ ಸ್ವಲ್ಪ ಹೊತ್ತು ಹಿಡೀತು. ಅಣ್ಣ ಫೋನನ್ನು ಮುಂದೆ ಚಾಚಿದರು. "ಸತ್ತೇ ಹೋಗ್ತಾ ಅದೆ ತಂಗೀ. ಸ್ವಲ್ಪ ಹಾಕು. ಬೇಗ ತುಂಬೂದು ಬ್ಯಾಡ."

ನಾನು ಕಿಸೆಯಿಂದ ಆಪರೇಷನ್ ಆದ ಕಪ್ಪು ವೈರನ್ನು ತೆಗೆದು ಬೆಂಚಿನ ಮೇಲಿಟ್ಟೆ. ಪಕ್ಕದಲ್ಲಿ ಒಂದು ಬಾಳೆ ನಾರು. ಗಂಟು ನಾನು ಹಾಕಿರಲಿಲ್ಲ. ಅತ್ತೆ ಎರಡನ್ನೂ ನೋಡಿದರು. ನಾರು ಎತ್ತಿಕೊಂಡು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ವೈರಿನ ಕುತ್ತಿಗೆಗೆ ಸುತ್ತಿ, ಕಣ್ಣುಮುಚ್ಚಿ ತೆರೆಯೋದರಲ್ಲಿ ಗಂಟು ಹಾಕಿದರು. ಅಣ್ಣನ ಫೋನಿಗೆ ಸಿಕ್ಕಿಸಿದರು.

ಹನ್ನೊಂದೂವರೆ ಬಸ್ಸು ಬಂತು, ಹಾರ್ನ್ ಹೊಡೀತು, ಹೋಯ್ತು. ಅಣ್ಣ ಕಾಲು ಚಾಚಿಕೊಂಡು ಅದಕ್ಕೆ ಕೈ ಬೀಸಿದರು. ಫೋನು ಹತ್ತು ಪರ್ಸೆಂಟಿನಲ್ಲಿತ್ತು. ಅಕ್ಕಿ ನೆನೆಹಾಕಿರಲಿಲ್ಲವಾದ್ದರಿಂದ ಕಜ್ಜಾಯ ಆಗುವ ಹಾಗಿರಲಿಲ್ಲ, ಆದರೆ ಮಾವ ಗದ್ದೆಯಿಂದ ಬಂದು ಇನ್ನೊಂದು ಹುಂಜವನ್ನು ಹುಡುಕೋಕೆ ಹೋದರು. ಒಳಗೆ ಮೆಣಸು ಹುರಿಯುವ ಘಾಟು ಎದ್ದಿತು.

ಅಷ್ಟು ಹೊತ್ತಿಗೆ ನನ್ನ ಫೋನೂ ಕೂಗೋಕೆ ಶುರು ಮಾಡಿತು. ಬೆಳಗ್ಗಿನಿಂದ ಮೂರು ತಾಲೂಕು ಸುತ್ತಿದ್ದೇನೆ, ಅದರಲ್ಲಿ ಉಳಿದದ್ದು ನಾಲ್ಕು ಪರ್ಸೆಂಟ್. ಎದ್ದು ಹೆಂಡತಿಗೆ ಕೊಡೋಣ ಅಂದರೆ ಅವಳು ಒಳಗಿದ್ದಳು. ಬಾಗಿಲಲ್ಲಿ ಇದ್ದದ್ದು ಅತ್ತೆ. ಕಪ್ಪು ವೈರು ಅಣ್ಣನಿಗೆ ಹೋಗಿದೆ. ನನ್ನ ನಕಲಿ ವೈರು ಮೊಳೆಯಿಂದ ಮಾಯವಾಗಿತ್ತು, ಅಲ್ಲಿ ಈಗ ನೇತಾಡ್ತಾ ಇದ್ದದ್ದು ಬಿಳಿ ಒಂದೇ. ನಾನು ಫೋನ್ ಹಿಡಿದು ನಿಂತೆ. ಅತ್ತೆಯ ಕೈ ಮೊಳೆಯ ಕಡೆಗೆ ಹೋಯ್ತು. ಬಿಳಿ ವೈರನ್ನು ತೆಗೆದರು. ಚಂದ ಮಾಡಿ ಸುತ್ತಿದರು. ಸೆರಗಿನ ತುದಿಯಲ್ಲಿ ಇಟ್ಟು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಮೇಲೆ ಬೆಕ್ಕಿನತ್ತ ಅಲ್ಲ, ಒಳಗಿದ್ದ ಮಗಳತ್ತ ಅಲ್ಲ, ನೇರ ನನ್ನ ಮುಖ ನೋಡಿ ಹೇಳಿದರು.

"ಕರೆಂಟಿಲ್ಲ ಅಳಿಯಂದಿರೇ. ಸಂಜಿಗೇ ಬರೂದಂತೆ. ಕೈ ತೊಳ್ಕಂಡು ಬನ್ನಿ."

ತಲೆಯ ಮೇಲೆ ಫ್ಯಾನು ಗರಗರ ತಿರುಗ್ತಾ ಇತ್ತು. ನಾನು ಫೋನ್ ಆಫ್ ಮಾಡ್ಕೊಂಡು ಕೈ ತೊಳೆಯೋಕೆ ಹೋದೆ.